ಅಕ್ಕನ ಮುಖ ಸುಟ್ಟ ನಿಂಬೆಹುಳಿ

ಮಗಳ ಕೂದಲು ಕತ್ತರಿಸಿಸಲು ಅವಳನ್ನು ಕರೆದುಕೊಂಡು ನಮ್ಮ ಬಡಾವಣೆ ಮಣಿಕೊಂಡದ ಪಾರ್ಲರಿಗೆ ಹೋದೆ. ಬಾಗಿಲಲ್ಲೇ ಬ್ಲೀಚಿನ ಘಾಟು ಮೂಗಿಗೆ ಬಡಿಯಿತು. ಮನಸ್ಸು ಊರಿನ ಇನ್ನೊಂದು ತುದಿಯ ಕುಷಾಯಿಗೂಡದ ನಮ್ಮ ಹಳೇ ಮನೆಗೆ ಓಡಿತು.

ಆಗ ಅಕ್ಕನನ್ನು ನೋಡಲು ಸಾಫ್ಟ್‌ವೇರ್ ಕಂಪನಿಯ ವರ ಬರುವವನಿದ್ದ. ಅಕ್ಕ ಕಪ್ಪು. ಅದೇ ಚಿಂತೆಯಲ್ಲಿದ್ದ ನಮ್ಮ ಚಿಕ್ಕಮ್ಮ, ಚಿಗವ್ವ, ಬೇಗಂ ಬಜಾರಿನಿಂದ ಬ್ಲೀಚ್ ಪುಡಿ ತಂದು, ನಿಂಬೆಹುಳಿಯಲ್ಲಿ ಕಲಸಿ ಅವಳ ಕೆನ್ನೆಗೆ ಮೆತ್ತಿದಳು.

"ಭಾಳ ಉರೀತದ ಚಿಗವ್ವಾ."

"ಉರದ್ರನ ಬೆಳ್ಳಗಾಗ್ತಿ, ತಡಕೋ."

ತೊಳೆದಾಗ ಕೆನ್ನೆ ತುಂಬ ಬೊಬ್ಬೆಗಳಿದ್ದವು. ಆಸ್ಪತ್ರೆಗೆ ಕರೆದೊಯ್ದಾಗ ಚರ್ಮದ ಡಾಕ್ಟರಮ್ಮ ಚಿಗವ್ವನನ್ನು ಚೆನ್ನಾಗಿ ಬೈದರು. ಸುಟ್ಟ ಚರ್ಮ ಬೆಳ್ಳಗಾಗುವುದಿಲ್ಲ, ಕಲೆ ಉಳಿಯುತ್ತದೆ ಎಂದರು. ಗಾಯ ಮಾಯಲು ಮುಲಾಮು ಕೊಟ್ಟು, ವಾಸಿಯಾದ ಮೇಲೆ ಬಿಸಿಲಿಗೆ ಸನ್‌ಸ್ಕ್ರೀನ್, ಒಣಗದಂತೆ ಸಾದಾ ಕ್ರೀಮು, ಇಷ್ಟೇ ಸಾಕು, ಹುಟ್ಟಿದ ಬಣ್ಣ ರೋಗವಲ್ಲ ಎಂದರು.

ಗಂಡಿನವರು ಬಂದ ದಿನ ಚಿಗವ್ವ ಪೌಡರ್ ಡಬ್ಬಿ ಹಿಡಿದು ಬಂದಳು. ಅಕ್ಕ ಅವಳ ಕೈ ಸರಿಸಿ, ಹಾಗೇ ಹೊರಗೆ ಹೋಗಿ ಕುಳಿತಳು.

"ಮುಖಕ್ಕ ಏನಾಗೇತಿ?" ವರನ ತಾಯಿ ಕೇಳಿದರು.

"ನಿಮ್ಮ ಕಣ್ಣಿಗೆ ಬೆಳ್ಳಗ ಕಾಣ್ಲಿ ಅಂತ ಸುಟ್ಟಾರ್ರಿ. ಇನ್ನೊಮ್ಮೆ ಸುಡಾಕ ಬಿಡಂಗಿಲ್ಲ. ನನ್ನ ಬಣ್ಣ ಇದ ಐತಿ."

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಚಿಗವ್ವ ತಲೆ ಹಿಡಿದುಕೊಂಡಳು. ಯಾವತ್ತೂ ಮಾತೇ ಆಡದ ಅಪ್ಪ, ಗಂಡಿನವರಿಗೆಂದು ಮಾಡಿದ ಶಿರಾದ ತಾಟನ್ನು ತಂದು ಅಕ್ಕನ ಮುಂದಿಟ್ಟು, "ತಿನ್ನವ್ವಾ" ಅಂದ.

"ಮೇಡಂ, ಪಾಪಾಗೆ ಬ್ಲೀಚೂ ಮಾಡ್ಲಾ? ಬೆಳ್ಳಗೆ ಕಾಣ್ತಾಳೆ," ಮಗಳ ಕೂದಲು ಬಾಚುತ್ತ ಪಾರ್ಲರಿನ ಹುಡುಗಿ ಕೇಳುತ್ತಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ನಾನು ಚೆನ್ನಾಗೇ ಕಾಣ್ತೀನಿ. ಕೂದಲು ಕತ್ತರಿಸಿ, ಸಾಕು."