ಏಳು ಗುರುವಾರಗಳ ‘ರನ್’

ನನಗೆ ಇಂಗ್ಲಿಷ್ ಕಲಿಸಿದವರು ಯಾರು ಎಂಬ ವಿಷಯದಲ್ಲಿ ಒಂದು ತಪ್ಪು ಮಾತು ನಮ್ಮ ಕಡೆ ಹಬ್ಬಿದೆ. ಅದನ್ನು ಹಬ್ಬಿಸಿದವರು ಈಗ ಬದುಕಿಲ್ಲ. ತೀರಿಹೋದವರ ಬಗ್ಗೆ ಕೆಟ್ಟದ್ದು ಬರೆಯಬೇಡ ಎಂದು ಮಕ್ಕಳು ಹೇಳುತ್ತಾರೆ. ನಾನು ಕೆಟ್ಟದ್ದನ್ನೂ ಬರೆಯುತ್ತಿಲ್ಲ, ಒಳ್ಳೆಯದನ್ನೂ ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುಭಾಗ. ಗುಬ್ಬಿಯಿಂದ ದಿನವೂ ಪ್ಯಾಸೆಂಜರ್ ರೈಲು ಹಿಡಿದು ತುಮಕೂರಿನ ಕಾಲೇಜೊಂದಕ್ಕೆ ಪಿಯುಸಿ ಓದಲು ಹೋಗುತ್ತಿದ್ದೆ. ರಾಗಿ ಹೊಲ, ಸ್ವಲ್ಪ ತೆಂಗು ಇದ್ದ ನಮ್ಮ ಮನೆಯಿಂದ ಅಷ್ಟು ದೂರ ಓದಲು ಹೋದ ಮೊದಲ ಹೆಣ್ಣು ನಾನು. ಅಪ್ಪ ಒಂದೇ ಷರತ್ತು ಹಾಕಿದ್ದರು. “ಓದವ್ವ, ನಾನು ಬ್ಯಾಡ ಅನ್ನಲ್ಲ. ಆದ್ರೆ ಕಾಲೇಜಿಂದ ನಿನ್ ಮ್ಯಾಲೆ ಒಂದು ಕಾಗ್ದ ಬಂತೋ, ಅವತ್ತಿಗೇ ಓದು ಮುಗೀತು ಅಂದ್ಕೊ.” ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂಥ ಕಾಗದ ಬಂದರೆ ಪೋಸ್ಟ್‌ಮ್ಯಾನ್ ಅದನ್ನು ಜಗಲಿಯ ಮೇಲೆ, ನಾಲ್ಕು ಜನರೆದುರು, ಗಟ್ಟಿಯಾಗಿ ಓದಿ ಹೇಳುವವನು.

ಒಂದು ದಿನ ಗುಬ್ಬಿ ಸ್ಟೇಷನ್ನಿನ ಕಪ್ಪು ಹಲಗೆಯ ಮೇಲೆ, ನಮ್ಮ ರೈಲು ನಲವತ್ತು ನಿಮಿಷ ‘ರನ್ನಿಂಗ್ ಲೇಟ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಕಣ್ಣಿಗೇ ಕಾಣದ ರೈಲು ಓಡುತ್ತಿರುವುದು ಹೇಗೆ ಎಂದು ನನಗೆ ಆಶ್ಚರ್ಯವಾಯಿತು. ಆ ವಾರ ಕಾಲೇಜಿನ ಲೈಬ್ರರಿಯಲ್ಲಿ ದೊಡ್ಡ ಡಿಕ್ಷನರಿಯನ್ನು ತೆರೆದೆ. ಎರಡೂ ಕೈಯಲ್ಲಿ ಎತ್ತಬೇಕಾದ ಪುಸ್ತಕ ಅದು. ಮರದ ಸ್ಟ್ಯಾಂಡಿನ ಮೇಲೆ ಇರುತ್ತಿತ್ತು, ಯಾರಿಗೂ ಮನೆಗೆ ಕೊಡುತ್ತಿರಲಿಲ್ಲ. ವಿದ್ಯಾರ್ಥಿಗಳು ಅದನ್ನು ಮುಟ್ಟುವ ಮೊದಲು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಲೆಕ್ಚರರುಗಳು ಹಾಕಬೇಕಾಗಿರಲಿಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕು.

‘ರನ್’ ಎಂಬ ಮೂರಕ್ಷರದ ಪದ ಒಂದು ಹಾಳೆಯ ಎರಡೂ ಮಗ್ಗುಲನ್ನು ತುಂಬಿಕೊಂಡಿತ್ತು. ಹುಡುಗಿಯರಿಗೆ ಲೈಬ್ರರಿಯಲ್ಲಿ ಗುರುವಾರ ಮಾತ್ರ ಒಂದು ಗಂಟೆ. ಹೀಗಾಗಿ ಏಳು ಗುರುವಾರ ಕುಳಿತು, ಒಂದೊಂದು ಅರ್ಥವನ್ನೂ, ಅದರ ಪಕ್ಕದಲ್ಲಿ ಕೊಟ್ಟಿದ್ದ ಸಮಾನ ಪದಗಳನ್ನೂ ನೋಟ್‌ಬುಕ್ಕಿಗೆ ಇಳಿಸಿದೆ. ಅಂಗಡಿ ನಡೆಸಿದರೂ ರನ್, ಮೂಗು ಸೋರಿದರೂ ರನ್. ನೀರು ಹರಿದರೂ ಅದೇ, ಶಿರಾ ಗೇಟಿನಿಂದ ಆಚೆಗೆ ರಸ್ತೆ ಸಾಗಿದರೂ ಅದೇ. ಚುನಾವಣೆಗೆ ನಮ್ಮಲ್ಲಿ ನಿಲ್ಲುತ್ತಾರೆ, ಅಮೆರಿಕದಲ್ಲಿ ಓಡುತ್ತಾರೆ. ಬಟ್ಟೆಯ ಬಣ್ಣ ಬಿಟ್ಟರೂ ರನ್. ಇಷ್ಟಕ್ಕೂ ಬೇರೆ ಬೇರೆ ಮಾತುಗಳು ಓದು ಬಾರದ ನನ್ನ ಅವ್ವನ ಬಾಯಲ್ಲಿ ಮೊದಲೇ ಇದ್ದವು. ಪ್ರತಿ ಅರ್ಥದ ಎದುರಿಗೂ ಅವ್ವನ ಮಾತನ್ನೇ ಬರೆದೆ. ಒಂದನ್ನು ಮಾತ್ರ ಬಿಟ್ಟೆ. ಬಣ್ಣದ ಅರ್ಥದ ಕೆಳಗಿನ ಸಾಲು: ಹೆಂಗಸರ ತೆಳು ಕಾಲುಚೀಲದ ಎಳೆ ಬಿಟ್ಟು ಉದ್ದಕ್ಕೂ ಹರಿದುಹೋಗುವುದು. ನಮ್ಮೂರಲ್ಲಿ ಯಾರ ಕಾಲಿಗೂ ಇಲ್ಲದ ವಸ್ತು ನನಗೇಕೆ ಎಂದು ಬಿಟ್ಟೆ.

ಆಮೇಲೆ ಒಂದು ಪ್ರಬಂಧದಲ್ಲಿ, ಅವ್ವನ ಹೊಸ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟದ್ದನ್ನು ಹೇಳಲು ‘ರ್‍ಯಾನ್’ ಎಂದು ಬರೆದೆ. ಇಂಗ್ಲಿಷ್ ಲೆಕ್ಚರರು ಅದಕ್ಕೆ ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದು, ತರಗತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

“ಬಣ್ಣಕ್ಕೆ ಕಾಲಿದೆಯೇನಮ್ಮ ಓಡೋದಕ್ಕೆ? ಎಲ್ಲಿಗೆ ಓಡ್ತು?”

ಹಿಂದಿನ ಬೆಂಚಿನಿಂದ ಒಬ್ಬ, “ಗುಬ್ಬಿ ಟ್ರೈನ್ ಹಿಡಿಯೋಕೆ ಸಾರ್” ಎಂದ. ಇಡೀ ತರಗತಿ ನಕ್ಕಿತು. ಅವರೂ ನಕ್ಕರು.

“ಡಿಕ್ಷನರೀಲಿದೆ ಸಾರ್” ಎಂದೆ.

“ಹಾಗಾದ್ರೆ ನಾಳೆ ನೋಡೋಣ.”

ಮಾರನೆಯ ದಿನ ಅವರು ಆ ಮಾತೇ ಎತ್ತಲಿಲ್ಲ. ನಾನೇ ಎದ್ದು ನೆನಪಿಸಿದೆ. ಬೇರೆ ದಾರಿಯಿಲ್ಲದೆ ಅಟೆಂಡರನಿಂದ ಡಿಕ್ಷನರಿ ತರಿಸಿದರು. ತೆರೆದು ನೋಡಿದರೆ ಆ ಹಾಳೆಯೇ ಇಲ್ಲ. ಹೊಲಿಗೆಯ ಹತ್ತಿರ ಹರಿದ ಅಂಚು ಮಾತ್ರ ಉಳಿದಿತ್ತು. ಲೆಕ್ಚರರು, “ಈ ಪೇಜು ಯಾರಿಗೆ ಬೇಕಾಗಿತ್ತು?” ಎಂದರು. ನನ್ನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿದ್ದರು. ಸಂಜೆಯೊಳಗೆ ಲೈಬ್ರರಿಯನ್ನರು ರಿಜಿಸ್ಟರಿನಲ್ಲಿ ‘ಹಾಳೆ ಹರಿದಿದೆ, ಕೊನೆಯದಾಗಿ ನೋಡಿದವರು’ ಎಂದು ಬರೆದು ಮುಂದೆ ನನ್ನ ಹೆಸರು ಹಾಕಿದರು.

ಎರಡು ದಿನದ ಮೇಲೆ ಪ್ರಿನ್ಸಿಪಾಲರು ಕರೆಸಿದರು. ಮೇಜಿನ ಮೇಲೆ ಅಪ್ಪನ ವಿಳಾಸಕ್ಕೆ ಟೈಪ್ ಮಾಡಿದ ಕಾಗದ ಸಿದ್ಧವಾಗಿತ್ತು. ಪಕ್ಕದಲ್ಲಿ ಲೆಕ್ಚರರು ನಿಂತಿದ್ದರು.

“ನೋಡಮ್ಮ, ತಪ್ಪಾಯ್ತು ಅಂತ ಬರೆದುಕೊಡು. ಈ ಲೆಟರ್ ಕಳಿಸೋದಿಲ್ಲ” ಎಂದರು ಪ್ರಿನ್ಸಿಪಾಲರು.

ಬೆಳಿಗ್ಗೆ ರೈಲಿನಲ್ಲಿ ನನ್ನ ಗೆಳತಿಯೂ ಅದನ್ನೇ ಹೇಳಿದ್ದಳು: “ತಪ್ಪಾಯ್ತು ಅಂದ್ಬುಡೆ, ನಿನ್ ಗಂಟೇನ್ ಹೋಗುತ್ತೆ?” ಒಂದು ಸಾಲು ಬರೆದರೆ ಓದು ಉಳಿಯುತ್ತಿತ್ತು. ಆದರೆ ಮಾಡದ ಕೆಲಸಕ್ಕೆ ನನ್ನ ಅಕ್ಷರದಲ್ಲೇ ಸಾಕ್ಷಿ ಬರೆದಿಟ್ಟು ಆ ಕಾಲೇಜಿನಲ್ಲಿ ಇನ್ನೂ ಒಂದು ವರ್ಷ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

“ನಾನು ಹರಿದಿಲ್ಲ ಸಾರ್. ಹರಿಯೋಳಾಗಿದ್ರೆ ಏಳು ವಾರ ಕೂತು ಯಾಕೆ ಬರ್ಕೋತಿದ್ದೆ?” ಎಂದು ನೋಟ್‌ಬುಕ್ ಮುಂದಿಟ್ಟೆ. ಪ್ರತಿ ಪುಟದ ಮೇಲೂ ತಾರೀಖು ಹಾಕಿದ್ದೆ. ರಿಜಿಸ್ಟರಿನ ಸಹಿಗಳ ಜೊತೆ ಹೊಂದಿಸಿ ನೋಡಬಹುದು ಎಂದೆ.

ಪ್ರಿನ್ಸಿಪಾಲರು ನಿಧಾನವಾಗಿ ಪುಟ ತಿರುವಿದರು. “ಎಲ್ಲಾ ಅರ್ಥಾನೂ ಇದೆಯಲ್ರೀ” ಎಂದು ಲೆಕ್ಚರರ ಕಡೆ ನೋಟ್‌ಬುಕ್ ತಿರುಗಿಸಿದರು. ಲೆಕ್ಚರರು ಬಗ್ಗಿ, ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. ತಪ್ಪು ಹುಡುಕುವುದು ಅವರ ಅಭ್ಯಾಸ. ಬೆರಳು ಒಂದು ಕಡೆ ನಿಂತಿತು.

“ಎಲ್ಲಾ ಇಲ್ಲ ಸಾರ್. ಇಲ್ಲಿ, ಬಣ್ಣದ್ದು ಆದ ಮೇಲೆ, ಒಂದನ್ನ ಬಿಟ್ಟಿದ್ದಾಳೆ. ಸ್ಟಾಕಿಂಗ್ಸ್‌ದು. ನೆಟ್ಟಗೆ ಕಾಪಿ ಮಾಡೋದಕ್ಕೂ ಬರಲ್ಲ.”



“ಹಾಳೆ ಹರಿದುಹೋಗಿದೆ ಸಾರ್” ಎಂದೆ. “ಅದರಲ್ಲಿ ಯಾವುದಾದ ಮೇಲೆ ಯಾವುದಿತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಇಂಗ್ಲಿಷ್ ಲೆಕ್ಚರರಮ್ಮ ನಾನು. ನನಗೆ ಮೊದಲಿಂದ್ಲೂ ಗೊತ್ತು.”

“ಹಾಗಾದ್ರೆ ಬಣ್ಣದ್ದೂ ಗೊತ್ತಿರಬೇಕಿತ್ತಲ್ಲ ಸಾರ್. ಅದರ ಮೇಲಿನ ಸಾಲೇ ಅದು. ಅದಕ್ಕೆ ತಾನೇ ನೀವು ಅರ್ಧ ಮಾರ್ಕ್ಸ್ ತೆಗೆದಿದ್ದು?”

ಪ್ರಿನ್ಸಿಪಾಲರು ಕನ್ನಡಕ ತೆಗೆದು ಲೆಕ್ಚರರ ಮುಖವನ್ನು ನೋಡಿದರು. ಲೆಕ್ಚರರು ಕಿಟಕಿಯನ್ನು ನೋಡಿದರು. ನಂತರ ಪ್ರಿನ್ಸಿಪಾಲರು ಟೈಪ್ ಮಾಡಿದ ಕಾಗದವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, “ಕ್ಲಾಸಿಗೆ ಹೋಗಮ್ಮ” ಎಂದರು.

ನಾನು ಹೋಗಲಿಲ್ಲ. “ರಿಜಿಸ್ಟರಲ್ಲಿ ನನ್ನ ಹೆಸರಿದೆ ಸಾರ್.”

“ಅದನ್ನ ಆಮೇಲೆ ನೋಡ್ಕೊಳ್ಳೋಣ.”

“ಆಮೇಲೆ ಅಂದ್ರೆ ಯಾವತ್ತು ಸಾರ್?”

ನಿಂತೇ ಇದ್ದೆ. ಗಂಟೆ ಹೊಡೆಯಿತು, ಇನ್ನೊಂದು ತರಗತಿ ಶುರುವಾಯಿತು. ಕೊನೆಗೆ ಅಟೆಂಡರನು ರಿಜಿಸ್ಟರನ್ನು ತಂದ. ಪ್ರಿನ್ಸಿಪಾಲರು ಆ ಸಾಲಿಗೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಗೆರೆ ನನ್ನ ಹೆಸರಿನ ಕೊನೆಯ ಅಕ್ಷರದವರೆಗೆ ಬಂದಿದೆಯೇ ಎಂದು ನೋಡಿಕೊಂಡು ಹೊರಗೆ ಬಂದೆ.

ಮುಂದಿನ ಗುರುವಾರ ಹಾಳೆ ಡಿಕ್ಷನರಿಯೊಳಗೆ ಇತ್ತು. ಅಂಗಿಯ ಜೇಬಿಗೆ ಹಿಡಿಸುವಂತೆ ನಾಲ್ಕು ಮಡಿಕೆ ಮಡಿಚಿದ ಗುರುತುಗಳು ಅದರ ಮೇಲಿದ್ದವು. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಮನೆಯಲ್ಲಿ ಕುಳಿತು ನೋಡಲು ಲೆಕ್ಚರರು ಒಯ್ದಿದ್ದಿರಬಹುದು. ನೋಡಿದ್ದು ತಪ್ಪಲ್ಲ, ನೋಡಿದೆ ಎಂದು ಹೇಳದೆ ನನ್ನ ಓದನ್ನು ಪಣಕ್ಕಿಟ್ಟದ್ದು ತಪ್ಪು. ಯಾರೂ ಕ್ಷಮೆ ಕೇಳಲಿಲ್ಲ. ಅರ್ಧ ಅಂಕವೂ ವಾಪಸು ಬರಲಿಲ್ಲ.

ಓದು ಮುಂದುವರಿಯಿತು. ಎಂಬತ್ತರ ದಶಕದಲ್ಲಿ ನಾನು ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಾಗ, ಶಿಕ್ಷಕರ ತರಬೇತಿಗೆ ಭಾಷಣ ಮಾಡಲು ಅದೇ ಲೆಕ್ಚರರು ಬಂದರು. ತಲೆ ನರೆತಿತ್ತು. ಒಂದೇ ಪದಕ್ಕೆ ಎಷ್ಟು ಅರ್ಥಗಳಿರುತ್ತವೆ ಎಂಬುದಕ್ಕೆ ಅವರು ಆರಿಸಿಕೊಂಡ ಉದಾಹರಣೆ ‘ರನ್’. ಸೀರೆಯ ಬಣ್ಣವನ್ನೂ ಹೇಳಿದರು. ನಂತರ ನನ್ನನ್ನು ಗುರುತಿಸಿ, ಎಲ್ಲರಿಗೂ ಕೇಳುವಂತೆ, “ಈಕೆ ನನ್ನ ಸ್ಟೂಡೆಂಟು. ಇವೆಲ್ಲಾ ನಾನೇ ಕಲಿಸಿದ್ದು” ಎಂದರು.

ಚಪ್ಪಾಳೆ ತಟ್ಟಲು ಕೈಗಳು ಎದ್ದಿದ್ದವು. ನಾನೂ ಎದ್ದೆ.

“ಇಲ್ಲ ಸಾರ್” ಎಂದೆ. “ಅದನ್ನ ನಾನೇ ಕಲಿತಿದ್ದು. ಏಳು ಗುರುವಾರ. ರಿಜಿಸ್ಟರಲ್ಲಿ ನನ್ನ ಸಹಿ ಇದೆ.”