ಹಲಗೆಯಿಂದ ಅಳಿಸಿದ ಮೊದಲ ಹೆಸರು

1964ರಲ್ಲಿ ನಾನು ಅಹಮದಾಬಾದಿನ ಮಣಿನಗರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದೆ. ಗಜ ಹೋಗಿ ಮೀಟರ್ ಬಂದ ಹೊಸತು. ಏಳನೆಯ ತರಗತಿಯ ಮಕ್ಕಳಿಗೆ ವೇಗವೆಂದರೆ ಪುಸ್ತಕದ ಒಂದು ಸಾಲು, ಅಷ್ಟೆ. ಅವರನ್ನು ಮೈದಾನಕ್ಕೆ ಕರೆದೊಯ್ದೆ. ನೂರು ಮೀಟರ್ ಅಳೆದು ಸುಣ್ಣದ ಗೆರೆ ಎಳೆದರು, ಒಬ್ಬೊಬ್ಬರಾಗಿ ಓಡಿದರು, ಸ್ಟಾಪ್‌ವಾಚ್ ನೋಡಿ ದೂರವನ್ನು ಸಮಯದಿಂದ ಭಾಗಿಸಿದರು. ಲೆಕ್ಕವೆಂದರೆ ಮುಖ ಸಿಂಡರಿಸುತ್ತಿದ್ದವರು ದಶಮಾಂಶಕ್ಕಾಗಿ ಜಗಳಕ್ಕೆ ನಿಂತರು.

ಎಲ್ಲರಿಗಿಂತ ವೇಗವಾಗಿ ಓಡಿದವಳು ಪ್ರಮೀಳಾ, ಹುಬ್ಬಳ್ಳಿಯಿಂದ ವರ್ಗವಾಗಿ ಬಂದಿದ್ದ ರೈಲ್ವೆ ಗುಮಾಸ್ತರ ಮಗಳು. ಹುಡುಗರು ನಂಬಲಿಲ್ಲ. ಮತ್ತೆ ಓಡಿದಳು, ಮತ್ತೂ ಅವಳೇ ಮೊದಲು.

"ಸರ್, ಬೋರ್ಡಿನ್ಯಾಗ ನನ್ನ ಹೆಸರು ಮ್ಯಾಲೆ ಬರೀತೀರಿ ಹೌದಿಲ್ರಿ? ವಾರ್ಷಿಕೋತ್ಸವಕ್ಕ ಅಪ್ಪಾನ್ನ ಕರಕೊಂಡು ಬರತೇನ್ರಿ" ಎಂದಳು.

ವಾರ್ಷಿಕೋತ್ಸವಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಎಲ್ಲರ ವೇಗವನ್ನೂ ಹಲಗೆಯ ಮೇಲೆ ಬರೆಸಿದೆ. ಹಿಂದಿನ ದಿನ ಮುಖ್ಯೋಪಾಧ್ಯಾಯರು ಬಂದು ಮೊದಲ ಸಾಲನ್ನು ಕೈಯಾರೆ ಅಳಿಸಿದರು.

"ಅರೇ ಮಾಸ್ತರ್, ಒಬ್ಬ ಛೋಕರಿ ಹುಡುಗರನ್ನೆಲ್ಲ ಹಿಂದೆ ಹಾಕೋದೆ? ಅವರ ಅಪ್ಪಂದಿರು ಬರ್ತಾರೆ. ಗಡಿಯಾರ ತಪ್ಪಿತ್ತು ಅನ್ನಿ."

"ಹಾಗಾದರೆ ಎಲ್ಲರದ್ದೂ ತಪ್ಪು. ಎಲ್ಲವನ್ನೂ ಅಳಿಸಿ" ಎಂದೆ.

ಅವರು ನಕ್ಕು ಹೊರಟುಹೋದರು. ನಾನು ಆ ಸಾಲನ್ನು ಮತ್ತೆ ಬರೆದೆ. ಬೆಳಿಗ್ಗೆ ನೋಡಿದರೆ ಅದು ಇರಲಿಲ್ಲ. ಜಾಗ ಖಾಲಿ ಕಾಣಬಾರದೆಂದು ಅಲ್ಲಿ ಬಣ್ಣದ ಸೀಮೆಸುಣ್ಣದಲ್ಲಿ ಹೂವು ಬಿಡಿಸಿದ್ದರು. ನನಗೆ ಹೇಸಿಗೆಯಾಯಿತು.

ಅಧಿಕಾರಿ ಹಲಗೆ ನೋಡಿ ತಲೆದೂಗಿ, ಪಕ್ಕದಲ್ಲಿ ನಿಂತಿದ್ದ ಪ್ರಮೀಳಾಳನ್ನು ಕೇಳಿದರು: "ಬೇಟಿ, ನಿನ್ನ ವೇಗ ಎಷ್ಟು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹಿಂದಿಯಲ್ಲಿ, "ನಾನು ಓಡಲಿಲ್ಲ ಸರ್, ಗಡಿಯಾರ ಹಿಡಿದಿದ್ದೆ" ಎಂದಳು. ಹಿಂದೆ ನಿಂತಿದ್ದ ಅವಳ ಅಪ್ಪ ತಲೆ ತಗ್ಗಿಸಿದರು. ಮುಖ್ಯೋಪಾಧ್ಯಾಯರು ಅವಳ ಬೆನ್ನು ತಟ್ಟಿ ಶಾಭಾಸ್ ಎಂದರು. ಥೂ!

"ಇಲ್ಲ ಸಾಹೇಬರೆ, ಇವಳೇ ಮೊದಲು ಬಂದದ್ದು" ಎಂದೆ. ಅಧಿಕಾರಿ, "ಒಂದು ಹೆಸರಿಗೆ ಇಷ್ಟು ಗಲಾಟೆಯೇ ಮಾಸ್ತರ್?" ಎನ್ನುತ್ತ ಚಹಾದ ಕಡೆ ನಡೆದರು.

ಆಮೇಲೆ ಪ್ರಮೀಳಾಳನ್ನು ಕರೆದು ಕೇಳಿದೆ. "ನಾನ ಮೊದಲ ಬಂದೇನಿ ಅಂದ್ರ ನಿಮ್ಮ ನೌಕರಿ ಹೋಗತೈತಿ ಅಂತ ಹೆಡ್‌ಮಾಸ್ತರು ಅಂದಾರ್ರಿ" ಎಂದಳು.

ಆಟದಿಂದ ವಿಜ್ಞಾನ ಕಲಿಸುವುದು ಕಷ್ಟವೇನಲ್ಲ. ಆದರೆ ಮಕ್ಕಳ ಕೈಗೆ ಅಳತೆಯ ಟೇಪು ಕೊಟ್ಟ ಮೇಲೆ ಅವರು ಅಳೆದದ್ದರ ಪರವಾಗಿ ದೊಡ್ಡವರು ನಿಲ್ಲಬೇಕು. ನಮ್ಮ ಶಾಲೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮೇಷ್ಟರ ಅನ್ನ ಉಳಿಸಲು ಸುಳ್ಳು ಹೇಳಿದಳು.