ಕಿತ್ತಿಟ್ಟ ಕೇಬಲ್ಲಿನಿಂದ ಬಂದ ಅಂಕಿ

ಶಕುನ, ದೆವ್ವ, ಕನಸು ನಿಜವಾಯಿತು ಎಂದೆಲ್ಲ ಹೇಳುವವರನ್ನು ಕಂಡರೆ ನಾನು ಮುಖದ ಮೇಲೇ ನಗುತ್ತಿದ್ದವನು. ಅರಸೀಕೆರೆಯಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕಸುಬು. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ, ತಪ್ಪು ವೈರಿನದ್ದು ಇಲ್ಲವೇ ಮನುಷ್ಯನದ್ದು ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಏಳೆಂಟು ವರ್ಷವಾಯಿತು. ಹಗರೆಯ ಹತ್ತಿರದ ಒಂದು ಹಳ್ಳಿ, ಹೆಸರು ಬೇಡ, ಅಲ್ಲಿನ ಹಾಲಿನ ಡೈರಿಯಿಂದ ಫೋನ್ ಬಂತು. ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿದೆ. ಹಾಲು ಪರೀಕ್ಷಿಸುವ ಯಂತ್ರದಲ್ಲಿ ಅಂಕಿ ತೋರಿಸುವ ಭಾಗ ಕೆಟ್ಟು ಎಷ್ಟೋ ಕಾಲವಾಗಿತ್ತು. ಹಾಲಿನಲ್ಲಿ ಫ್ಯಾಟ್, ಅಂದರೆ ಜಿಡ್ಡು, ಎಷ್ಟೆಂಬುದು ಒಂದು ಕೇಬಲ್ ಮೂಲಕ ಹಳೇ ಕಂಪ್ಯೂಟರಿನ ಹಿಂಬದಿಯಲ್ಲಿರುವ ಸೀರಿಯಲ್ ಪೋರ್ಟ್ ಎಂಬ ಕಿಂಡಿಗೆ ಹೋಗಿ, ಅದರ ಪರದೆಯ ಮೇಲೆ ಮಾತ್ರ ಕಾಣುತ್ತಿತ್ತು. ಹತ್ತು ದಿನದಿಂದ ಕೆಲವರ ಅಂಕಿ ಬರುತ್ತಲೇ ಇರಲಿಲ್ಲ. ಜಯಮ್ಮ ಎಂಬಾಕೆಗೆ ಮಾತ್ರ ದಿನವೂ ತೀರಾ ಕಡಿಮೆ ಬರುತ್ತಿತ್ತು. ಊರು ಸುಮ್ಮನಿರುತ್ತದೆಯೇ? ಹಾಲಿಗೆ ನೀರು ಬೆರೆಸುತ್ತಾಳೆ ಎಂದು ಆಡಿಕೊಂಡರು. ಆ ಸಂಜೆಯೂ ಹಾಗೇ ಬಂದರೆ ಇನ್ನು ಅವಳ ಹಾಲು ಬೇಡವೆಂದು ಸಮಿತಿಯವರು ತೀರ್ಮಾನಿಸಿದ್ದರು. ಒಂದೇ ಹಸು ಕಟ್ಟಿಕೊಂಡು ಬದುಕುವ ಹೆಂಗಸು. ಅದಿರಲಿ, ಅಂಥ ಹೆಸರು ಹೊತ್ತುಕೊಂಡು ಅದೇ ಬೀದಿಯಲ್ಲಿ ಓಡಾಡಬೇಕಲ್ಲ.

ಡೈರಿಯ ಕಾರ್ಯದರ್ಶಿ ಚನ್ನಬಸಪ್ಪನವರು ಇದನ್ನೆಲ್ಲ ಹೇಳುತ್ತಿರುವಾಗಲೇ ನಾನು ಕೇಬಲ್ ಕಿತ್ತೆ. ನೋಡಿದರೆ ಪೋರ್ಟಿನ ಒಂಬತ್ತು ಕಡ್ಡಿಗಳೂ ಕುಂಕುಮದಲ್ಲಿ ಮುಳುಗಿವೆ! ಹತ್ತು ದಿನದ ಹಿಂದೆ ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಕಲಸಿ, ಭಕ್ತಿಯಿಂದ ಅಲ್ಲಿಗೇ ಮೆತ್ತಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು.

“ಹಾಲಿನ ವಿಷ್ಯ ಎಲ್ಲ ಇಲ್ಲಿಂದ್ಲೇ ಬರೋದಲ್ವೇನ್ರೀ, ಅದಕ್ಕೇ ಹಚ್ಚಿದ್ದು” ಎಂದು ಅವರು ತಲೆ ಕೆರೆದುಕೊಂಡರು.

ಹಳೇ ಬ್ರಷ್ಷಿನಿಂದ ಕಡ್ಡಿಗಳನ್ನು ತಿಕ್ಕಿ, ಸ್ಪಿರಿಟ್ ಹಾಕಿ ಒರೆಸಿ, ಒಣಗಲು ಬಿಟ್ಟೆ. ಚನ್ನಬಸಪ್ಪನವರು ಬೆಂಚಿನ ಮೇಲೆ ಮಲಗಿ ನಿದ್ದೆ ಹೋದರು. ಕಂಪ್ಯೂಟರ್ ಹಾಕಿ, ಕೇಬಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹಂಚಿನ ಸಂದಿಯಿಂದ ಬಿದ್ದ ಬಿಸಿಲು ಹಾಲಿನ ಕ್ಯಾನುಗಳ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಎಲ್ಲೋ ಒಂದು ಕರು ಕೂಗಿತು, ನೀರಿನೊಳಗಿಂದ ಕೇಳಿದ ಹಾಗೆ. ಎಷ್ಟು ಹೊತ್ತು ಹಾಗಿದ್ದೆನೋ, ಮನಸ್ಸಿಗೆ ಏನೋ ಒಂದು ಹಿತ. ಆದರೆ ನಾನು ನಿದ್ದೆ ಮಾಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಆಗ ಪರದೆಯ ಮೇಲೆ ಒಂದು ಸಾಲು ಮೂಡಿತು. ಸದಸ್ಯರ ಸಂಖ್ಯೆ ಐವತ್ತೇಳು, ಫ್ಯಾಟ್ ನಾಲ್ಕು ಪಾಯಿಂಟ್ ಆರು. ಕೇಬಲ್ ನನ್ನ ತೊಡೆಯ ಮೇಲೆಯೇ ಇತ್ತು. ಹಾಲಿನ ಯಂತ್ರಕ್ಕೆ ಕರೆಂಟೇ ಕೊಟ್ಟಿರಲಿಲ್ಲ. ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡು ಮತ್ತೆ ತಲೆಯೆತ್ತುವಷ್ಟರಲ್ಲಿ ಸಾಲು ಅಳಿಸಿಹೋಗಿತ್ತು. ಹೆಸರಿಲ್ಲದೆ ಬರೀ ಸಂಖ್ಯೆಗಳಿದ್ದ ಹಳೆಯ ದಾಖಲೆಗಳಲ್ಲೆಲ್ಲ ಆ ಸಾಲನ್ನು ಹುಡುಕಿದೆ. ಅಂಥದ್ದು ಎಲ್ಲೂ ಇರಲಿಲ್ಲ. ಚನ್ನಬಸಪ್ಪನವರಿಗೆ ಹೇಳಲು ನಾಚಿಕೆಯಾಯಿತು.

ಸಂಜೆ ಕೇಬಲ್ ಸಿಕ್ಕಿಸಿದೆ. ಮೊದಲು ಬಂದ ನಾಲ್ವರ ಅಂಕಿ ಒಂದೊಂದು ಬಗೆ, ಎಲ್ಲವೂ ಸರಿಯಾಗಿ ಬಂದವು. ಐದನೆಯವಳು ಜಯಮ್ಮ. ಸಾಲಿನಲ್ಲಿ ಯಾರೂ ಅವಳನ್ನು ಮಾತಾಡಿಸಲಿಲ್ಲ. ಕಾರ್ಯದರ್ಶಿ ಐವತ್ತೇಳು ಎಂದು ಒತ್ತಿದಾಗಲೇ ನನಗೆ ಆ ಸಂಖ್ಯೆ ಯಾರದೆಂದು ತಿಳಿದದ್ದು. ಅಂಗೈ ತೆರೆದು ಬರೆದುಕೊಂಡಿದ್ದನ್ನು ನೋಡಿಕೊಂಡೆ. ನಾಲ್ಕು ಪಾಯಿಂಟ್ ಆರು ಬಂತು, ನೀರಿಲ್ಲದ ಒಳ್ಳೆಯ ಹಾಲಿನ ಅಂಕಿ.

“ನಿಮ್ ಮಾತಿನ ಮೇಲೆ ಐತೆ. ಮಿಷನ್ನು ಸರಿ ಐತೇನ್ರೀ?” ಚನ್ನಬಸಪ್ಪನವರು ಎಲ್ಲರೆದುರಿಗೆ ನನ್ನನ್ನು ಕೇಳಿದರು.

ಸರಿಯಾಗಿದೆ ಎಂದೆ. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀರು ಬೆರೆಸ್ನಿಲ್ಲ ಅಂತ ಯೋಳ್ತಾನೇ ಇದ್ದೆ ಕಣಣ್ಣ, ಯಾರೂ ನಂಬ್ನಿಲ್ಲ.”

ಅವಳ ಮುಖ ನೋಡಿ ನಾನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ನಾನು ಸಾಕ್ಷಿ ಹೇಳಿದ್ದು ಅವಳ ಮುಖಕ್ಕಲ್ಲ, ಆ ಅಂಕಿಗೆ. ಅದು ಅವಳ ಹಾಲಿನಿಂದ ಬಂತೋ, ಮಧ್ಯಾಹ್ನ ಬಂದದ್ದೇ ಮತ್ತೆ ಬಂತೋ, ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಅದೇ ಹಾಲನ್ನು ಇನ್ನೊಂದು ಸಲ ಯಂತ್ರಕ್ಕೆ ಹಾಕಿ ನೋಡೋಣ ಎನ್ನುವುದು ನನ್ನ ಕೆಲಸವಾಗಿತ್ತು. ಬೇರೆ ಅಂಕಿ ಬಂದುಬಿಟ್ಟರೆ ಎಂಬ ಹೆದರಿಕೆಗೆ ಬಾಯಿ ಬರಲಿಲ್ಲ. ಕೊನೆಗೆ ಧೈರ್ಯ ಮಾಡುವಷ್ಟರಲ್ಲಿ ಅವಳ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದಾಗಿತ್ತು, ಊರವರ ಹಾಲಿನಲ್ಲಿ ಬೆರೆತುಹೋಗಿತ್ತು.